ಮೂಲಪ್ರತಿ ಮತ್ತು ಹಗುರಪ್ರತಿ: ಜನಪದ ದೃಶ್ಯದಾಖಲೆಗಳ ದೃಷ್ಟಿಯಿಂದ ಮುಕ್ತ ವಿಡಿಯೋ ಕೋಡೆಕ್‌ಗಳ ತೌಲನಿಕ ವಿವೇಚನೆ

ಪೀಠಿಕೆ

ಕನ್ನಡ ಜಾನಪದ ಅಧ್ಯಯನವು ಹಾಡು, ಕಥೆ, ಗಾದೆಗಳ ಪಠ್ಯಸಂಗ್ರಹದಿಂದ ಆರಂಭಗೊಂಡು, ಪ್ರದರ್ಶನವನ್ನೇ ಅಧ್ಯಯನದ ಘಟಕವಾಗಿ ಕಾಣುವ ಹಂತವನ್ನು ತಲುಪಿ ದಶಕಗಳೇ ಸಂದಿವೆ. ಹಾಡನ್ನು ಬರೆದುಕೊಂಡರೆ ಸಾಲದು. ಹಾಡುವವನ ಉಸಿರು, ಹಿಮ್ಮೇಳದವರ ಕಣ್ಸನ್ನೆ, ಕೇಳುಗರ ಪ್ರತಿಕ್ರಿಯೆ, ವಾದ್ಯದ ಮೇಲಿನ ಕೈಚಲನೆ ಇವೆಲ್ಲವೂ ಆಕರವೇ ಎಂಬ ತಿಳಿವಳಿಕೆ ಇಂದು ಸಾಮಾನ್ಯವಾಗಿದೆ. 1990ರ ಡಿಸೆಂಬರ್‌ನಲ್ಲಿ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಮಹಾಕಾವ್ಯವನ್ನು ಲೌರಿ ಹಾಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ತಂಡವು ಧ್ವನಿ ಹಾಗೂ ದೃಶ್ಯ ಎರಡರಲ್ಲಿಯೂ ದಾಖಲಿಸಿತು. 1998ರಲ್ಲಿ ಪ್ರಕಟವಾದ 15,683 ಸಾಲುಗಳ ಪಠ್ಯದ ಬೆನ್ನಿಗೆ ಆ ದಾಖಲೆ ನಿಂತಿದೆ. ಉಡುಪಿಯಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಅಧ್ಯಯನ ಕೇಂದ್ರ, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ರೂಪಿಸಿದ ಜಾನಪದ ಲೋಕ ಮುಂತಾದವು ಇದೇ ತಿಳಿವಳಿಕೆಯ ಫಲಗಳು.

ಆದರೆ ದಾಖಲಿಸುವುದು ಒಂದು ಕಾರ್ಯ. ದಾಖಲೆಯನ್ನು ಉಳಿಸುವುದು ಇನ್ನೊಂದು. ಟೇಪಿನಿಂದ ಗಣಕಕ್ಕೆ, ಗಣಕದಿಂದ ಡಿವಿಡಿಗೆ, ಡಿವಿಡಿಯಿಂದ ಕೈಫೋನಿಗೆ ಸಾಗುವಾಗ ದೃಶ್ಯವು ಪ್ರತಿ ಹಂತದಲ್ಲಿಯೂ ಒಂದು ಕೋಡೆಕ್‌ನ ಕೈಯಿಂದ ಹಾದುಹೋಗುತ್ತದೆ. ಕೋಡೆಕ್‌ನ ಆಯ್ಕೆಯನ್ನು ನಾವು ಬಹುಮಟ್ಟಿಗೆ ತಂತ್ರಜ್ಞರಿಗೆ, ಇಲ್ಲವೆ ತಂತ್ರಾಂಶದ ಪೂರ್ವನಿಗದಿತ ವ್ಯವಸ್ಥೆಗೆ ಬಿಟ್ಟುಕೊಟ್ಟಿದ್ದೇವೆ. ಈ ಆಯ್ಕೆಯು ಗ್ರಂಥಸಂಪಾದನೆಯಲ್ಲಿ ಪಾಠನಿರ್ಣಯ ಮಾಡಿದಷ್ಟೇ ವಿದ್ವತ್ಪೂರ್ಣವಾದ ನಿರ್ಣಯವೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಚರ್ಚೆಗೆ ನೆಲೆಯಾಗಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ, ಭೀಮಾತೀರದ ಮಣ್ಣೂರ ಹಾಗೂ ಅದರ ಸುತ್ತಲಿನ ಆಳಂದ, ಜೇವರ್ಗಿ ಪರಿಸರದ ಪ್ರದರ್ಶನ ಪ್ರಕಾರಗಳನ್ನು ಇಟ್ಟುಕೊಳ್ಳಲಾಗಿದೆ. ಯಲ್ಲಮ್ಮನ ಪರಂಪರೆಯ ಚೌಡಿಕೆ ಪದ, ಬೀರಪ್ಪನ ಪರಂಪರೆಯ ಡೊಳ್ಳಿನ ಪದ, ಮೊಹರಮ್ಮಿನ ರಿವಾಯತ ಪದ ಮತ್ತು ಅಲಾಯಿ ಕುಣಿತ, ತತ್ವಪದಗಳ ಭಜನೆ ಇವು ಈ ಭಾಗದಲ್ಲಿ ಇಂದಿಗೂ ಜೀವಂತವಾಗಿವೆ.

ಕೋಡೆಕ್ ಮಾಡುವ ಕೆಲಸ

ಕೋಡೆಕ್ ಎಂದರೆ ದೃಶ್ಯವನ್ನು ಸಂಕೇತಗಳಾಗಿ ಅಡಕಗೊಳಿಸುವ ಮತ್ತು ಆ ಸಂಕೇತಗಳನ್ನು ಮರಳಿ ದೃಶ್ಯವಾಗಿ ಬಿಡಿಸುವ ವಿಧಾನ. ಇದರ ಅಗತ್ಯ ಸರಳ ಲೆಕ್ಕದಿಂದಲೇ ತಿಳಿಯುತ್ತದೆ. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಒಂದು ಫ್ರೇಮಿನಲ್ಲಿ 720 × 576 ಬಿಂದುಗಳಿರುತ್ತವೆ. ಸೆಕೆಂಡಿಗೆ 25 ಫ್ರೇಮುಗಳು. ಪ್ರತಿ ಬಿಂದುವಿಗೆ 2 ಬೈಟ್ ಹಿಡಿದರೆ ಒಂದು ಗಂಟೆಯ ದೃಶ್ಯಕ್ಕೆ ಸುಮಾರು 75 ಗಿಗಾಬೈಟ್ ಬೇಕು. ಇಂದಿನ 1920 × 1080 ಬಿಂದುಗಳ ದೃಶ್ಯವನ್ನು 10 ಬಿಟ್ ಆಳದಲ್ಲಿ, ಅದೇ ಬಣ್ಣದ ಮಾದರಿಯಲ್ಲಿ ಇಟ್ಟರೆ ಗಂಟೆಗೆ ಸುಮಾರು 467 ಗಿಗಾಬೈಟ್. ಒಂದು ಜಾತ್ರೆಯನ್ನು ಮೂರು ರಾತ್ರಿ ಚಿತ್ರೀಕರಿಸಿದ ಸಂಶೋಧಕನು ಈ ಪ್ರಮಾಣವನ್ನು ಅಡಕಗೊಳಿಸದೆ ಇಟ್ಟುಕೊಳ್ಳಲಾರ.

ಅಡಕಗೊಳಿಸುವ ಬಗೆಯನ್ನು ಪದಸಂಗ್ರಹಕಾರರ ನೋಟುಪುಸ್ತಕಕ್ಕೆ ಹೋಲಿಸಬಹುದು. ಪಲ್ಲವಿಯನ್ನು ಮೊದಲ ಸಲ ಪೂರ್ತಿ ಬರೆದು, ಮುಂದೆ ಪ್ರತಿ ನುಡಿಯ ಕೊನೆಗೆ 'ಪಲ್ಲ' ಎಂದು ಗುರುತು ಹಾಕುವುದು ಎಲ್ಲರಿಗೂ ಪರಿಚಿತ ಪದ್ಧತಿ. ಕೋಡೆಕ್ ಕೂಡ ಹೀಗೆಯೇ ಒಂದು ಫ್ರೇಮನ್ನು ಪೂರ್ತಿ ಬರೆದು, ಮುಂದಿನ ಫ್ರೇಮುಗಳಲ್ಲಿ ಯಾವ ಭಾಗ ಎಲ್ಲಿಗೆ ಸರಿಯಿತು, ಯಾವುದು ಬದಲಾಯಿತು ಎಂಬುದನ್ನು ಮಾತ್ರ ಗುರುತಿಸುತ್ತದೆ. ಇದರಿಂದ ಬಹಳ ಜಾಗ ಉಳಿಯುತ್ತದೆ. ಆದರೆ ಹಾಡುಗಾರ್ತಿಯು ಪಲ್ಲವಿಯನ್ನು ಪ್ರತಿಸಲವೂ ಒಂದೇ ರೀತಿ ಹಾಡುವುದಿಲ್ಲ. ಒಮ್ಮೆ ಒಂದು ಪದ ಜಾರುತ್ತದೆ, ಒಮ್ಮೆ ಒಂದು ಸಂಬೋಧನೆ ಸೇರುತ್ತದೆ. 'ಪಲ್ಲ' ಎಂದು ಬರೆದವನು ಆ ವ್ಯತ್ಯಾಸಗಳನ್ನು ಕಳೆದುಕೊಂಡಿರುತ್ತಾನೆ. ನಷ್ಟಸಹಿತ ಕೋಡೆಕ್ ಕೂಡ, ಬದಲಾವಣೆಗಳಲ್ಲಿ ಕಣ್ಣಿಗೆ ಅಷ್ಟಾಗಿ ಬೀಳವೆಂದು ತಾನು ಲೆಕ್ಕ ಹಾಕಿದವುಗಳನ್ನು ಕೈಬಿಡುತ್ತದೆ. ನಷ್ಟರಹಿತ ಕೋಡೆಕ್ ಯಾವ ವ್ಯತ್ಯಾಸವನ್ನೂ ಬಿಡದು. ಬಿಡಿಸಿದಾಗ ಮೂಲದ ಪ್ರತಿಯೊಂದು ಬಿಂದುವೂ ಮರಳಿ ದೊರೆಯುತ್ತದೆ.

ನಷ್ಟಸಹಿತ ಪ್ರತಿಯನ್ನು ಮತ್ತೆ ನಷ್ಟಸಹಿತವಾಗಿ ಪ್ರತಿ ಮಾಡಿದರೆ ದೋಷಗಳು ಕೂಡುತ್ತ ಹೋಗುತ್ತವೆ. ಓಲೆಗರಿಯ ಲಿಪಿಕಾರನ ಸ್ಖಾಲಿತ್ಯ ಮುಂದಿನ ಪ್ರತಿಗೆ ಹೋಗಿ, ಅಲ್ಲಿ ಹೊಸದೊಂದು ಸೇರುವಂತೆ, ಇಲ್ಲಿಯೂ ಪ್ರತಿಯ ಪ್ರತಿಯು ಮೂಲದಿಂದ ದೂರ ಸರಿಯುತ್ತದೆ.

'ಮುಕ್ತ' ಎಂಬ ಮಾತಿನ ಎರಡು ಅರ್ಥ

ಈ ಕ್ಷೇತ್ರದಲ್ಲಿ 'ಮುಕ್ತ' ಎಂಬ ಪದ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ. ತಂತ್ರಾಂಶದ ಆಕರಸಂಕೇತ ಎಲ್ಲರಿಗೂ ದೊರೆಯುವುದು ಒಂದು. ವಿಡಿಯೋ ರೂಪವನ್ನು ಬಳಸಲು ಯಾರಿಗೂ ಹಕ್ಕುಶುಲ್ಕ ತೆರಬೇಕಿಲ್ಲದಿರುವುದು ಇನ್ನೊಂದು. ಎರಡೂ ಒಟ್ಟಿಗೇ ಇರಬೇಕೆಂಬ ನಿಯಮವಿಲ್ಲ. ಎಕ್ಸ್264 ಎಂಬ ಎನ್‌ಕೋಡರ್ ಮುಕ್ತ ತಂತ್ರಾಂಶ. ಆದರೆ ಅದು ಉತ್ಪಾದಿಸುವ ಎಚ್.264 ರೂಪವು (2003) ಪೇಟೆಂಟುಗಳ ಕೂಟಕ್ಕೆ ಒಳಪಟ್ಟ ಮಾನಕ. ಎಕ್ಸ್265 ಮತ್ತು ಎಚ್‌ಇವಿಸಿ (2013) ಜೋಡಿಯ ಸ್ಥಿತಿಯೂ ಇದೇ.

ಎರಡೂ ಅರ್ಥದಲ್ಲಿ ಮುಕ್ತವಾಗಬಯಸಿದ ರೂಪಗಳದು ಬೇರೆಯೇ ವಂಶಾವಳಿ. ಆನ್2 ಸಂಸ್ಥೆಯು 2001ರಲ್ಲಿ ಬಿಟ್ಟುಕೊಟ್ಟ ವಿಪಿ3 ಆಧಾರದ ಮೇಲೆ ಝಿಫ್ ಪ್ರತಿಷ್ಠಾನವು ಥಿಯೋರಾವನ್ನು ಬೆಳೆಸಿ 2008ರಲ್ಲಿ ಅದರ 1.0 ಆವೃತ್ತಿಯನ್ನು ಹೊರತಂದಿತು. ಆನ್2 ಅನ್ನು ಕೊಂಡ ಗೂಗಲ್ 2010ರ ಮೇ ತಿಂಗಳಲ್ಲಿ ವಿಪಿ8ನ್ನು ಮುಕ್ತಗೊಳಿಸಿತು. 2013ರಲ್ಲಿ ವಿಪಿ9 ಬಂತು. 2015ರಲ್ಲಿ ಹಲವು ಸಂಸ್ಥೆಗಳು ಕೂಡಿ ಅಲಯನ್ಸ್ ಫಾರ್ ಓಪನ್ ಮೀಡಿಯಾ ಎಂಬ ಒಕ್ಕೂಟವನ್ನು ರಚಿಸಿಕೊಂಡು 2018ರ ಮಾರ್ಚ್‌ನಲ್ಲಿ ಎವಿ1 ರೂಪವನ್ನು ಪ್ರಕಟಿಸಿದವು. ಸಿಸ್ವೆಲ್ ಎಂಬ ಸಂಸ್ಥೆ 2019ರಲ್ಲಿ ವಿಪಿ9 ಮತ್ತು ಎವಿ1ಗಳಿಗೂ ಪೇಟೆಂಟ್ ಕೂಟವನ್ನು ಪ್ರಕಟಿಸಿದ್ದರಿಂದ ಈ ಮುಕ್ತತೆಯೂ ವಾದಾತೀತವಲ್ಲವೆಂಬುದನ್ನು ಗಮನಿಸಬೇಕು. ಇವೆಲ್ಲಕ್ಕಿಂತ ಬೇರೆಯಾಗಿ, ಎಫ್‌ಎಫ್‌ಎಂಪೆಗ್ ಯೋಜನೆಯೊಳಗೆ 2003ರಲ್ಲಿ ಹುಟ್ಟಿದ ಎಫ್‌ಎಫ್‌ವಿ1 ನಷ್ಟರಹಿತ ಕೋಡೆಕ್ ಆಗಿದ್ದು, ದಾಖಲಾಗಾರಗಳ ಆಸಕ್ತಿಯಿಂದಲೇ ಬಲಗೊಂಡಿತು.

ಸಂಗ್ರಹಾಲಯಗಳಿಗೆ ಮುಕ್ತತೆಯು ಹಣದ ಪ್ರಶ್ನೆಯಷ್ಟೇ ಅಲ್ಲ. ಐವತ್ತು ವರ್ಷಗಳ ನಂತರ ಈ ಕಡತವನ್ನು ಓದಲು ಬರುತ್ತದೆಯೇ ಎಂಬುದು ನಿಜವಾದ ಪ್ರಶ್ನೆ. ಓದುವವರಿಲ್ಲದ ಲಿಪಿಯ ಶಾಸನದಂತೆ, ಬಿಡಿಸುವ ತಂತ್ರಾಂಶವಿಲ್ಲದ ಕಡತವೂ ಮೂಕ. ರೂಪದ ವಿವರಣೆ ಪ್ರಕಟವಾಗಿದ್ದು ಆಕರಸಂಕೇತವೂ ಲಭ್ಯವಿದ್ದರೆ, ಮೂಲ ಸಂಸ್ಥೆ ಅಳಿದರೂ ಮುಂದಿನವರು ಅದನ್ನು ಓದಬಲ್ಲರು.

ದಕ್ಷತೆಯ ಹೋಲಿಕೆ

ದಕ್ಷತೆಯೆಂದರೆ ಸಮಾನ ಗುಣಮಟ್ಟಕ್ಕೆ ಎಷ್ಟು ಕಡಿಮೆ ಬಿಟ್‌ಗಳು ಸಾಕು ಎಂಬುದು. ಇದನ್ನು ಹಲವು ಬಿಟ್ ದರಗಳಲ್ಲಿ ಅಳೆದು, ವಕ್ರರೇಖೆಗಳ ನಡುವಿನ ಸರಾಸರಿ ಅಂತರವನ್ನು ಶೇಕಡಾವಾರು ಹೇಳುವ ಕ್ರಮವನ್ನು ಗಿಸ್ಲೆ ಬ್ಯೋಂಟೆಗಾರ್ಡ್ 2001ರಲ್ಲಿ ಸೂಚಿಸಿದರು. ಇಂದಿನ ಬಹುತೇಕ ಹೋಲಿಕೆಗಳು ಈ ಕ್ರಮವನ್ನೇ ಅನುಸರಿಸುತ್ತವೆ.

ನೆಟ್‌ಫ್ಲಿಕ್ಸ್ 2016ರಲ್ಲಿ ತನ್ನ ಸಂಗ್ರಹದ 12 ಸೆಕೆಂಡುಗಳ 5000 ತುಣುಕುಗಳ ಮೇಲೆ ಎಕ್ಸ್264, ಎಕ್ಸ್265 ಮತ್ತು ವಿಪಿ9ರ ಲಿಬ್‌ವಿಪಿಎಕ್ಸ್ ಎನ್‌ಕೋಡರುಗಳನ್ನು ಹೋಲಿಸಿತು. ಎಕ್ಸ್264ಕ್ಕಿಂತ ಉಳಿದೆರಡೂ ಮೇಲೆಂದೂ, ಅವೆರಡರಲ್ಲಿ ಎಕ್ಸ್265 ಬಹುತೇಕ ಮುಂದಿದ್ದರೂ 1080 ಸಾಲುಗಳ ದೃಶ್ಯದಲ್ಲಿ ಅಂತರ ಕಿರಿದಾಗುತ್ತದೆಂದೂ ಅದು ಕಂಡುಕೊಂಡಿತು. ಫೇಸ್‌ಬುಕ್‌ನ ತಂತ್ರಜ್ಞರು 2018ರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಎವಿ1 ಎನ್‌ಕೋಡರ್ ಲಿಬ್‌ವಿಪಿಎಕ್ಸ್‌ಗಿಂತ ಶೇ. 34ರಷ್ಟು, ಎಕ್ಸ್264ರ ಹೈ ಪ್ರೊಫೈಲಿಗಿಂತ ಶೇ. 46.2ರಷ್ಟು ಹೆಚ್ಚು ಸಂಕೋಚನ ಸಾಧಿಸಿತು. ಈ ಅಂಕಿಯನ್ನು ನಮ್ಮ ಬಳಕೆಗೆ ಅನ್ವಯಿಸಿ ನೋಡೋಣ. ಸೆಕೆಂಡಿಗೆ 4 ಮೆಗಾಬಿಟ್ ದರದ ಎಚ್.264 ಪ್ರತಿ ಗಂಟೆಗೆ 1.8 ಗಿಗಾಬೈಟ್ ಆಗುತ್ತದೆ. ಅಷ್ಟೇ ಗುಣಮಟ್ಟದ ಎವಿ1 ಪ್ರತಿ ಸುಮಾರು 1 ಗಿಗಾಬೈಟಿನಲ್ಲಿ ಮುಗಿಯಬೇಕು. ಹಳ್ಳಿಯಲ್ಲಿ ದಿನದ ಡೇಟಾ ಮಿತಿಯೊಳಗೆ ಒಂದು ರಾತ್ರಿಯ ಪದವನ್ನು ತರಿಸಿಕೊಂಡು ನೋಡುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಈ ಉಳಿತಾಯಕ್ಕೆ ತೆರುವ ಬೆಲೆ ಸಮಯ. ಎವಿ1ರ ಮೊದಲ ಎನ್‌ಕೋಡರ್ ಎಷ್ಟು ನಿಧಾನವಾಗಿತ್ತೆಂದರೆ ಸಾಮಾನ್ಯ ಗಣಕದಲ್ಲಿ ಅದರ ಬಳಕೆ ಕಾರ್ಯಸಾಧ್ಯವಾಗಿರಲಿಲ್ಲ. ಇಂಟೆಲ್ ಮತ್ತು ನೆಟ್‌ಫ್ಲಿಕ್ಸ್ 2019ರಲ್ಲಿ ತಂದ ಎಸ್‌ವಿಟಿ-ಎವಿ1 ಎನ್‌ಕೋಡರ್ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದೆ. ಬಿಡಿಸುವ ಬದಿಯಲ್ಲಿ 2018ರಲ್ಲಿ ಬಂದ ಡೇವ್1ಡಿ ತಂತ್ರಾಂಶವು ಹಳೆಯ ಯಂತ್ರಗಳಲ್ಲಿಯೂ ಎವಿ1 ನೋಡುವುದನ್ನು ಸಾಧ್ಯಗೊಳಿಸಿತು. ಆದರೂ ಎವಿ1ನ್ನು ಬಿಡಿಸುವ ಯಂತ್ರಾಂಶವಿಲ್ಲದ ಫೋನಿನಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ಎಚ್.264ಕ್ಕೆ ಈ ತೊಂದರೆ ಇಲ್ಲ.

ಮೇಲಿನ ಪರೀಕ್ಷೆಗಳು ಸಿನಿಮಾ, ಧಾರಾವಾಹಿ, ಸಾಮಾಜಿಕ ಜಾಲದ ವಿಡಿಯೋಗಳ ಮೇಲೆ ನಡೆದವು. ಅವುಗಳ ಸರಾಸರಿಯು ನಮ್ಮ ಜಾತ್ರೆಯ ದೃಶ್ಯಕ್ಕೆ ಹಾಗೆಯೇ ಅನ್ವಯಿಸುತ್ತದೆಂದು ನಂಬಲು ಕಾರಣವಿಲ್ಲ. ಇಲ್ಲಿಂದಲೇ ಜಾನಪದ ವಿದ್ವಾಂಸನ ಹೊಣೆ ಆರಂಭವಾಗುತ್ತದೆ.

ಗುಣಮಟ್ಟ: ಯಾರ ಕಣ್ಣಿಗೆ?

ಗುಣಮಟ್ಟವನ್ನು ಅಳೆಯಲು ಮೂರು ಮಾಪನಗಳು ಪ್ರಚಲಿತ. ಪಿಎಸ್‌ಎನ್‌ಆರ್ ಎಂಬುದು ಮೂಲಕ್ಕೂ ಪ್ರತಿಗೂ ಇರುವ ಬಿಂದುವಾರು ವ್ಯತ್ಯಾಸದ ಲೆಕ್ಕ. 2004ರಲ್ಲಿ ಮಂಡಿತವಾದ ಎಸ್‌ಎಸ್‌ಐಎಂ ರಚನೆಯ ಹೋಲಿಕೆಯನ್ನು ನೋಡುತ್ತದೆ. ನೆಟ್‌ಫ್ಲಿಕ್ಸ್ 2016ರಲ್ಲಿ ಮುಕ್ತಗೊಳಿಸಿದ ವಿಎಂಎಎಫ್, ಪ್ರೇಕ್ಷಕರು ಕೊಟ್ಟ ಅಂಕಗಳಿಂದ ಕಲಿತ ಮಾದರಿ. ಮೂರೂ ಉಪಯುಕ್ತವೇ. ಆದರೆ ಮನರಂಜನೆಗೆ ನೋಡುವವನ ಕಣ್ಣು ಬೇರೆ, ಆಕರವಾಗಿ ನೋಡುವವನ ಕಣ್ಣು ಬೇರೆ. ಈ ಭೇದ ಎದ್ದು ಕಾಣುವ ನಾಲ್ಕು ಸಂದರ್ಭಗಳನ್ನು ಇಲ್ಲಿ ಗಮನಿಸಬಹುದು.

ಮೊದಲನೆಯದು ಭಂಡಾರ. ಯಲ್ಲಮ್ಮನ, ಬೀರಪ್ಪನ ಜಾತ್ರೆಗಳಲ್ಲಿ ಭಕ್ತರು ಎರಚುವ ಭಂಡಾರ ಗಾಳಿಯಲ್ಲಿ ಹಬ್ಬಿದಾಗ ಲಕ್ಷಾಂತರ ಕಣಗಳು ಒಂದೊಂದೂ ತನ್ನದೇ ದಿಕ್ಕಿನಲ್ಲಿ ಚಲಿಸುತ್ತವೆ. ಹಿಂದಿನ ಫ್ರೇಮಿನಿಂದ ಮುಂದಿನದನ್ನು ಊಹಿಸುವ ಕೋಡೆಕ್‌ಗೆ ಇಲ್ಲಿ ಹಿಡಿಯಲು ಏನೂ ಸಿಗದು. ಬಿಟ್‌ಗಳೆಲ್ಲ ಆ ಕಣಗಳಿಗೆ ಖರ್ಚಾಗಿ, ಅದೇ ಕ್ಷಣದಲ್ಲಿ ಮೈಮೇಲೆ ದೇವರು ಬಂದವರ ಮುಖವೂ ಜಗ ಹೊತ್ತವರ ಹೆಜ್ಜೆಯೂ ಮಸುಕಾಗುತ್ತವೆ. ಆಚರಣೆಯ ಉತ್ಕರ್ಷದ ಕ್ಷಣವೇ ದಾಖಲೆಯ ಅತ್ಯಂತ ದುರ್ಬಲ ಕ್ಷಣವಾಗುತ್ತದೆ. ಒಟ್ಟು ಗಂಟೆಯ ಸರಾಸರಿ ಅಂಕ ಇದನ್ನು ತೋರಿಸುವುದಿಲ್ಲ. ಅತಿ ಕಡಿಮೆ ಅಂಕ ಪಡೆದ ಫ್ರೇಮುಗಳನ್ನೇ ಹುಡುಕಿ ನೋಡಬೇಕು.

ಎರಡನೆಯದು ಕತ್ತಲೆ. ಅಲಾಯಿ ಕುಣಿಯ ಬೆಂಕಿಯ ಸುತ್ತಣ ಕುಣಿತದಲ್ಲಿ ಚೌಕಟ್ಟಿನ ಬಹುಭಾಗ ಕಪ್ಪು. ಕೋಡೆಕ್‌ಗಳು ಕಪ್ಪು ಭಾಗಕ್ಕೆ ಕಡಿಮೆ ಬಿಟ್ ಕೊಡುವ ಪ್ರವೃತ್ತಿಯುಳ್ಳವು. ಅಲ್ಲಿ ನಿಂತು ಸೊಲ್ಲು ಎತ್ತಿಕೊಡುವ ಹಿರಿಯರು, ಹಿಂದೆ ನಿಂತು ದನಿಗೂಡಿಸುವ ಹೆಂಗಸರು ಪಟ್ಟೆಪಟ್ಟೆಯಾದ ನೆರಳುಗಳಾಗಿಬಿಡುತ್ತಾರೆ. 10 ಬಿಟ್ ಆಳದಲ್ಲಿ ಎನ್‌ಕೋಡ್ ಮಾಡಿದರೆ ಈ ಪಟ್ಟೆಗಳು ಕಡಿಮೆಯಾಗುತ್ತವೆ. ಎವಿ1ರ ಮುಖ್ಯ ಪ್ರೊಫೈಲಿನಲ್ಲಿಯೇ 10 ಬಿಟ್ ಸೇರಿರುವುದು ಅದರ ಒಂದು ಮೇಲ್ಮೆ.

ಮೂರನೆಯದು ವೇಗದ ಕೈಚಲನೆ. ಚೌಡಿಕೆಯ ತಂತಿಯನ್ನು ಬಿಗಿ ಸಡಿಲ ಮಾಡುತ್ತ ಮೀಟುವ ಬೆರಳು, ಡೊಳ್ಳಿನ ಮೇಲೆ ಬೀಳುವ ಗುಣಿ ಇವನ್ನು ಅಭ್ಯಸಿಸುವವರಿಗೆ ಕಾಲದ ಸೂಕ್ಷ್ಮ ವಿಭಜನೆ ಬೇಕು. ಹಳೆಯ ಟೇಪುಗಳಲ್ಲಿ ಪ್ರತಿ ಫ್ರೇಮು ಬೆಸ ಸಾಲು, ಸರಿ ಸಾಲುಗಳ ಎರಡು ಅರೆಚಿತ್ರಗಳಿಂದ ಹೆಣೆದುದಾಗಿದ್ದು, ಸೆಕೆಂಡಿಗೆ 50 ಕ್ಷಣಗಳು ದಾಖಲಾಗಿವೆ. ವಿಪಿ9, ಎವಿ1ಗಳಲ್ಲಿ ಈ ಹೆಣಿಗೆಯನ್ನು ಹಾಗೆಯೇ ಹಿಡಿದಿಡುವ ಉಪಕರಣಗಳಿಲ್ಲ, ಎಚ್.264, ಎಫ್‌ಎಫ್‌ವಿ1ಗಳು ಹಿಡಿದಿಡಬಲ್ಲವು. ಹೆಣಿಗೆಯನ್ನು ಬಿಡಿಸುವಾಗ ಸೆಕೆಂಡಿಗೆ 25 ಫ್ರೇಮುಗಳಿಗೆ ಇಳಿಸಿದರೆ ಚಲನೆಯ ಅರ್ಧ ಮಾಹಿತಿ ನಾಶವಾಗುತ್ತದೆ. 50 ಫ್ರೇಮುಗಳಾಗಿ ಬಿಡಿಸುವುದೇ ಸರಿಯಾದ ಕ್ರಮ.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಬಿಟ್ ಸಾಲದಿದ್ದಾಗ ಎಚ್.264 ಚಿತ್ರವನ್ನು ಚೌಕಚೌಕವಾಗಿ ಒಡೆಯುತ್ತದೆ. ನೋಡುಗನಿಗೆ ಇಲ್ಲಿ ಏನೋ ಕಳೆದಿದೆಯೆಂದು ತಿಳಿಯುತ್ತದೆ. ಎವಿ1 ಮುಂತಾದ ಹೊಸ ಕೋಡೆಕ್‌ಗಳು ಬಲವಾದ ಶೋಧಕಗಳಿಂದ ಆ ಒಡಕನ್ನು ನಯಗೊಳಿಸುತ್ತವೆ. ಇದರ ಜೊತೆಗೆ ಎವಿ1ರಲ್ಲಿ ಚಿತ್ರದ ಕಣಕಣವಾದ ಗೊಜಲನ್ನು ತೆಗೆದುಹಾಕಿ, ಬಿಡಿಸುವಾಗ ಅದರಂತೆಯೇ ತೋರುವ ಕೃತಕ ಗೊಜಲನ್ನು ಸೇರಿಸುವ ಸೌಲಭ್ಯವೂ ಇದೆ. ಸಿನಿಮಾಕ್ಕೆ ಇದು ಚೆನ್ನ. ಆಕರಕ್ಕೆ ಇದು ಅಪಾಯ. ತ್ರುಟಿತ ಓಲೆಯಲ್ಲಿ ಚುಕ್ಕೆಗಳನ್ನಿಟ್ಟು ಬಿಟ್ಟ ಲಿಪಿಕಾರನು ಸಂಪಾದಕನಿಗೆ ಉಪಕಾರ ಮಾಡುತ್ತಾನೆ. ತನ್ನ ಕಲ್ಪನೆಯಿಂದ ತುಂಬಿ ಗುರುತಿಲ್ಲದಂತೆ ಮಾಡಿದವನು ದಾರಿ ತಪ್ಪಿಸುತ್ತಾನೆ. ಅಧ್ಯಯನಕ್ಕೆ ಬಳಸುವ ಪ್ರತಿಯಲ್ಲಿ ಈ ಸೌಲಭ್ಯವನ್ನು ಬಳಸಬಾರದು.

ಆದುದರಿಂದ ಪ್ರತಿಯೊಂದು ಸಂಗ್ರಹವೂ ತನ್ನದೇ ಸಾಮಗ್ರಿಯಿಂದ ಪರೀಕ್ಷೆಯನ್ನು ನಡೆಸಿಕೊಳ್ಳುವುದು ಯುಕ್ತ. ಹಗಲಿನ ಬಯಲು, ಇರುಳಿನ ಬೆಂಕಿ, ಭಂಡಾರ, ವಾದ್ಯದ ಸಮೀಪನೋಟ ಎಂಬ ನಾಲ್ಕು ತುಣುಕುಗಳನ್ನು ಆರಿಸಿ, ಎಕ್ಸ್264, ಲಿಬ್‌ವಿಪಿಎಕ್ಸ್, ಎಸ್‌ವಿಟಿ-ಎವಿ1 ಮೂರರಲ್ಲಿಯೂ ಸಮಾನ ಗಾತ್ರಕ್ಕೆ ಇಳಿಸಬೇಕು. ಅನಂತರ ಅಂಕಗಳ ಜೊತೆಗೆ, ಹೆಜ್ಜೆಯನ್ನು ಎಣಿಸಲು ಬರುತ್ತದೆಯೇ, ತುಟಿಯ ಚಲನೆಯಿಂದ ಅಸ್ಪಷ್ಟ ಪದವನ್ನು ನಿರ್ಧರಿಸಲು ಬರುತ್ತದೆಯೇ, ಹಿಮ್ಮೇಳದವರನ್ನು ಗುರುತಿಸಲು ಬರುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಕಲಾವಿದರನ್ನೇ ಕೂರಿಸಿ ತೋರಿಸಿದರೆ ಇನ್ನೂ ಒಳ್ಳೆಯದು. ಯಾವ ಚಲನೆ ಮುಖ್ಯ, ಯಾವುದು ಪ್ರಾಸಂಗಿಕ ಎಂಬುದನ್ನು ಅವರಷ್ಟು ಬಲ್ಲವರಿಲ್ಲ.

ಮೂಲಪ್ರತಿಗೆ ತಕ್ಕ ರೂಪ

ಇಷ್ಟೆಲ್ಲ ಹೋಲಿಕೆಯೂ ನೋಡುವ ಪ್ರತಿಗೆ ಸಂಬಂಧಿಸಿದುದು. ಮೂಲಪ್ರತಿಯ ವಿಷಯದಲ್ಲಿ ದಕ್ಷತೆಯ ಸ್ಪರ್ಧೆಗೆ ಸ್ಥಾನವಿಲ್ಲ. ವಿಎಚ್‌ಎಸ್, ಯು-ಮ್ಯಾಟಿಕ್‌ಗಳಂಥ ಸಾದೃಶ ಟೇಪುಗಳನ್ನು ಅಂಕೀಕರಿಸುವಾಗ ಎಫ್‌ಎಫ್‌ವಿ1 ಯೋಗ್ಯವಾದ ಆಯ್ಕೆ. ಅದು ಗಾತ್ರವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಟೇಪಿನಲ್ಲಿ ಗೊಜಲು ಹೆಚ್ಚಿದಷ್ಟೂ ಉಳಿತಾಯ ತಗ್ಗುತ್ತದೆ. ಗಂಟೆಗೆ 75 ಗಿಗಾಬೈಟ್ ಬೇಕಿದ್ದುದು 37ರ ಆಸುಪಾಸಿಗೆ ಬಂದರೆ, 100 ಗಂಟೆಗಳ ಸಂಗ್ರಹ 4 ಟೆರಾಬೈಟಿನ ಒಂದು ಡಿಸ್ಕಿನಲ್ಲಿ ಅಡಗುತ್ತದೆ. ಇದರ ಮೂರನೆಯ ಆವೃತ್ತಿಯು ಪ್ರತಿ ಫ್ರೇಮನ್ನು ತುಂಡುಗಳಾಗಿ ವಿಂಗಡಿಸಿ, ಒಂದೊಂದಕ್ಕೂ ತಾಳೆಸಂಖ್ಯೆಯನ್ನು ಸೇರಿಸುತ್ತದೆ. ಡಿಸ್ಕಿನ ದೋಷದಿಂದ ಒಂದು ಬಿಟ್ ಕೆಟ್ಟರೂ ಯಾವ ಫ್ರೇಮಿನ ಯಾವ ಭಾಗ ಕೆಟ್ಟಿದೆಯೆಂಬುದು ತಿಳಿಯುತ್ತದೆ. ಪ್ರತಿ ಫ್ರೇಮನ್ನೂ ಸ್ವತಂತ್ರವಾಗಿ ಬಿಡಿಸುವಂತೆ ಹೊಂದಿಸಿದರೆ ಹಾನಿಯು ಮುಂದಿನ ಫ್ರೇಮುಗಳಿಗೆ ಹಬ್ಬುವುದಿಲ್ಲ. ಎಫ್‌ಎಫ್‌ವಿ1ರ ವಿವರಣೆಯನ್ನು ಐಇಟಿಎಫ್ 2021ರಲ್ಲಿ, ಅದನ್ನು ತುಂಬಿಡುವ ಮಾಟ್ರೋಸ್ಕಾ ಕಡತರೂಪದ ವಿವರಣೆಯನ್ನು 2024ರಲ್ಲಿ ಪ್ರಕಟಿಸಿದೆ.

ಆದರೆ ಎಲ್ಲವನ್ನೂ ಎಫ್‌ಎಫ್‌ವಿ1ಕ್ಕೆ ಪರಿವರ್ತಿಸಬೇಕೆಂದಲ್ಲ. 2000ರ ದಶಕದಲ್ಲಿ ನಮ್ಮ ಬಹುತೇಕ ಕ್ಷೇತ್ರಕಾರ್ಯ ನಡೆದದ್ದು ಮಿನಿ ಡಿವಿ ಟೇಪುಗಳಲ್ಲಿ. ಅವುಗಳೊಳಗಿನ ದೃಶ್ಯ ಕ್ಯಾಮೆರಾದಲ್ಲಿಯೇ ಅಡಕಗೊಂಡಿದ್ದು ಗಂಟೆಗೆ ಸುಮಾರು 13 ಗಿಗಾಬೈಟ್ ಇರುತ್ತದೆ. ಆ ಪ್ರವಾಹವನ್ನು ಇದ್ದಂತೆಯೇ ಕಡತವಾಗಿ ಎತ್ತಿಡಬೇಕು. ಬಿಡಿಸಿ ಎಫ್‌ಎಫ್‌ವಿ1 ಮಾಡಿದರೆ ಗಾತ್ರ ಹೆಚ್ಚುವುದಲ್ಲದೆ ಗುಣ ಹೆಚ್ಚುವುದಿಲ್ಲ. ಇಂದಿನ ಕ್ಯಾಮೆರಾ, ಫೋನುಗಳ ಕಡತಗಳಿಗೂ ಇದೇ ನಿಯಮ: ಮೊದಲು ದಾಖಲಾದ ರೂಪವೇ ಮೂಲ. ಅದನ್ನು ಎವಿ1ಕ್ಕೆ ಇಳಿಸಿ, ಜಾಗ ಉಳಿಯಿತೆಂದು ಮೂಲವನ್ನು ಅಳಿಸುವುದು ಹಸ್ತಪ್ರತಿಯ ಮುದ್ರಿತ ಸಂಗ್ರಹರೂಪವನ್ನಿಟ್ಟುಕೊಂಡು ಓಲೆಗಳನ್ನು ಒಲೆಗೆ ಹಾಕಿದಂತೆ.

ಊರಿಗೆ ಮರಳುವ ಪ್ರತಿ

ಹಾಡಿದವರಿಗೆ ಅವರ ಹಾಡು ಮರಳಬೇಕೆಂಬುದು ಇಂದು ಜಾನಪದ ಅಧ್ಯಯನದ ಒಪ್ಪಿತ ನೀತಿ. ಹಗುರಪ್ರತಿಯ ದಕ್ಷತೆಗೆ ನಿಜವಾದ ಅರ್ಥ ಬರುವುದು ಇಲ್ಲಿ. ಮಣ್ಣೂರಿನಂಥ ಊರಿನಲ್ಲಿ ಹಳೆಯ ಫೋನುಳ್ಳ ಹಿರಿಯ ಕಲಾವಿದರಿಗೆ ಎಚ್.264 ಪ್ರತಿಯನ್ನೂ, ಹೊಸ ಫೋನುಳ್ಳ ಮೊಮ್ಮಕ್ಕಳಿಗೆ ಹಾಗೂ ಅಂತರ್ಜಾಲದ ಸಂಗ್ರಹಗಳಿಗೆ ಎವಿ1 ಅಥವಾ ವಿಪಿ9 ಪ್ರತಿಯನ್ನೂ ಕೊಡುವುದು ವಿವೇಕ. ವಿಕಿಮೀಡಿಯ ಕಾಮನ್ಸ್ ಎಚ್.264 ಕಡತಗಳನ್ನು ಸ್ವೀಕರಿಸುವುದಿಲ್ಲ. ವಿಪಿ9, ಎವಿ1 ಇರುವ ವೆಬ್‌ಎಂ ಕಡತಗಳನ್ನು ಸ್ವೀಕರಿಸುತ್ತದೆ. ಹಗುರಪ್ರತಿ ಸುಲಭವಾಗಿ ಹರಿದಾಡುವುದರಿಂದಲೇ ಅದನ್ನು ಬಿಡುಗಡೆ ಮಾಡುವ ಮುನ್ನ ಕಲಾವಿದರ ಒಪ್ಪಿಗೆ ಅವಶ್ಯ. ಜೋಗಮ್ಮಂದಿರು, ಮೈದುಂಬಿದವರು ಇರುವ ದೃಶ್ಯಗಳಲ್ಲಿ ಇದು ಇನ್ನಷ್ಟು ಅವಶ್ಯ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ನಿಲುವು ಇದು. ಸಂಕೋಚನದ ದಕ್ಷತೆಯಲ್ಲಿ ಇಂದಿನ ಮುಕ್ತ ಕೋಡೆಕ್‌ಗಳ ಪೈಕಿ ಎವಿ1 ಮುಂದಿದೆ. ಎಲ್ಲೆಡೆ ತೆರೆಯುವ ಗುಣದಲ್ಲಿ ಎಕ್ಸ್264ರಿಂದ ಪಡೆದ ಎಚ್.264 ಮುಂದಿದೆ; ವಿಪಿ9 ಇವೆರಡರ ನಡುವಣ ಹದ. ಆದರೆ ಇವುಗಳಲ್ಲಿ ಯಾವುದೂ ಮೂಲಪ್ರತಿಯ ಸ್ಥಾನಕ್ಕೆ ಸಲ್ಲದು. ಆ ಸ್ಥಾನ ಕ್ಯಾಮೆರಾದ ಮೊದಲ ಕಡತಕ್ಕೆ, ಸಾದೃಶ ಟೇಪಿನ ವಿಷಯದಲ್ಲಿ ಎಫ್‌ಎಫ್‌ವಿ1ಕ್ಕೆ ಮೀಸಲು.

ಇದನ್ನು ಕಾರ್ಯಗತಗೊಳಿಸಲು ಹೆಚ್ಚು ಕಾಲಾವಕಾಶವಿಲ್ಲ. ಡಿವಿ ಟೇಪನ್ನು ಓದುವ ಯಂತ್ರಗಳು ಮಾರುಕಟ್ಟೆಯಲ್ಲಿ ಹೊಸದಾಗಿ ದೊರೆಯುತ್ತಿಲ್ಲ. ಟೇಪಿನ ಕಾಂತಲೇಪವೂ ಸವೆಯುತ್ತಿದೆ. 2020ರ ಅಕ್ಟೋಬರ್‌ನಲ್ಲಿ ಭೀಮಾನದಿಯ ಪ್ರವಾಹ ಕಲಬುರಗಿ ಜಿಲ್ಲೆಯ ನದೀತೀರದ ಊರುಗಳನ್ನು ನುಗ್ಗಿದುದನ್ನು ನೆನೆದರೆ, ದಾಖಲೆಯ ಏಕೈಕ ಪ್ರತಿ ಒಂದೇ ಮನೆಯ ಕಪಾಟಿನಲ್ಲಿರುವುದು ಎಷ್ಟು ಅಪಾಯಕರವೆಂಬುದು ಸ್ಪಷ್ಟವಾಗುತ್ತದೆ. ಕಲಬುರಗಿಯ ವಿಶ್ವವಿದ್ಯಾಲಯ, ಆಳಂದ ತಾಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇವು ಪರಸ್ಪರ ದೂರದಲ್ಲಿರುವ ಸಂಸ್ಥೆಗಳು. ಒಂದೇ ಮೂಲಪ್ರತಿಯನ್ನು, ತಾಳೆಸಂಖ್ಯೆಯ ಸಮೇತ, ಇಂಥ ಕನಿಷ್ಠ ಎರಡು ಸ್ಥಳಗಳಲ್ಲಿ ಇಡುವ ಒಡಂಬಡಿಕೆಗೆ ದೊಡ್ಡ ವೆಚ್ಚ ಬೇಕಿಲ್ಲ. ಸಂಗ್ರಹದ ಪ್ರತಿ ಕಡತದ ವಿವರಪಟ್ಟಿಯಲ್ಲಿ ವಕ್ತೃವಿನ ಹೆಸರು, ಊರು, ತಿಥಿಗಳ ಜೊತೆಗೆ ಅದು ಯಾವ ಕೋಡೆಕ್‌ನಲ್ಲಿದೆ, ಯಾವ ಮೂಲದಿಂದ ಎಷ್ಟನೆಯ ಪ್ರತಿ ಎಂಬುದನ್ನೂ ನಮೂದಿಸಬೇಕು. ಪ್ರತಿಯ ವಂಶಾವಳಿ ತಿಳಿದಾಗ ಮಾತ್ರ ಮುಂದಿನ ಸಂಶೋಧಕನು ತನಗೆ ಕಾಣುತ್ತಿರುವುದು ಕಲಾವಿದೆಯ ಹೆಜ್ಜೆಯೋ, ಕೋಡೆಕ್‌ನ ಊಹೆಯೋ ಎಂಬುದನ್ನು ಬೇರ್ಪಡಿಸಬಲ್ಲನು.